ಕಾರಿನ ಸ್ಟೀರಿಯೊ ಕೈಕೊಟ್ಟಾಗ: ಬ್ಯಾಟರಿಯಿಂದ ಸ್ಪೀಕರ್‌ವರೆಗೆ ವೈರಿನ ತಪಾಸಣೆ

ಕಾರಿನ ಟೇಪಿನ ಬಗ್ಗೆ ಹುಬ್ಬಳ್ಳಿ ಕಡೆ ಎರಡು ದೂರು ಎಲ್ಲಕ್ಕಿಂತ ಹೆಚ್ಚು. 'ಸೆಲ್ಫ್ ಹೊಡದ್ರ ಸೆಟ್ ಬಂದ್ ಆಗಿ ಹೊಳ್ಳಿ ಚಾಲೂ ಆಕ್ಕೈತ್ರಿ' ಎಂಬುದು ಒಂದು. 'ಸೌಂಡ್ ಏರಿಸಿದ್ರ ಕಟ್ ಆಕ್ಕೈತ್ರಿ' ಎಂಬುದು ಇನ್ನೊಂದು. ಎರಡಕ್ಕೂ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಸೆಟ್ ಹೋಗೈತಿ, ಬ್ಯಾರೇದು ಹಾಕ್ಸ್ರಿ.' ಬೇರೆಯದು ಹಾಕಿಸಿದ ಕೆಲವೇ ದಿನಕ್ಕೆ ಅದೇ ರಾಗ ಮತ್ತೆ ಶುರುವಾಗುತ್ತದೆ. ಹಳೇ ಸೆಟ್ಟಿಗೆ ಕರೆಂಟ್ ತರುತ್ತಿದ್ದ ಸಡಿಲು ಗಂಟೇ ಹೊಸದಕ್ಕೂ ತರುತ್ತಿರುತ್ತದಲ್ಲ.

ಸೆಟ್ಟಿನ ಒಳಗೆ ಕೆಡುವುದು ಕಡಿಮೆ, ದಾರಿಯಲ್ಲಿ ಕೆಡುವುದೇ ಜಾಸ್ತಿ. ಬ್ಯಾಟರಿ ಟರ್ಮಿನಲ್, ಫ್ಯೂಸ್, ಡ್ಯಾಶ್‌ಬೋರ್ಡ್ ಹಿಂದಿನ ಜಾಯಿಂಟ್, ಅರ್ಥ್ (ಮೈನಸ್ ವೈರನ್ನು ಗಾಡಿಯ ತಗಡಿಗೆ ಕೂಡಿಸುವ) ಬೋಲ್ಟ್, ಬಾಗಿಲ ಸಂದಿಯ ವೈರ್, ಇಷ್ಟು ಜಾಗ. ನಮ್ಮ ಹವೆಯೂ ಇದಕ್ಕೆ ಕೈಜೋಡಿಸುತ್ತದೆ. ಗದಗ, ನವಲಗುಂದದ ಎರೆಹೊಲದ ಧೂಳು ಹಿಟ್ಟಿನಷ್ಟು ನುಣ್ಣಗೆ. ವೈರ್ ಕೂಡಿಸುವ ಕಪ್ಲರ್ ಒಳಗೆ ಕೂತು ಮಳೆಗಾಲದ ತೇವ ಹಿಡಿದಿಟ್ಟುಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಕರಿ ಇನ್ಸುಲೇಷನ್ ಟೇಪಿನ ಅಂಟು ಕರಗಿ ಟೇಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮು ಇರಲಿ, ಅಮರಗೋಳದ ಎಪಿಎಂಸಿ ಇರಲಿ, ಕಾಳು-ಚೀಲ ಇದ್ದಲ್ಲಿ ನಿಲ್ಲಿಸಿದ ಗಾಡಿಗೆ ಇಲಿ ನುಗ್ಗದೆ ಬಿಡುವುದಿಲ್ಲ.

ಮೊದಲು ಕೈಯಲ್ಲಿ ಏನಿರಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. 10ರ ಪಾನಾ. ಪಕ್ಕಡ್, ವೈರ್ ಸುಲಿಯುವ ಕಟ್ಟರ್, ಡ್ಯಾಶ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ. 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್. ಎರಡು ಮೀಟರ್ ಉದ್ದದ ಬಿಡಿ ವೈರ್, ಎರಡೂ ತುದಿಗೆ ಕ್ಲಿಪ್ ಹಾಕಿದ್ದು. ಬಿಡಿ ಫ್ಯೂಸುಗಳು: ಕೆಂಪು 10 ಆಂಪ್, ನೀಲಿ 15, ಹಳದಿ 20.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬ್. ಅದನ್ನು ಹೋಲ್ಡರಿಗೆ ಹಾಕಿ ಎರಡು ವೈರ್ ಬಿಟ್ಟುಕೊಳ್ಳಿ. ಎಲ್‌ಇಡಿ ಬಲ್ಬ್ ಬೇಡ, ತಂತಿ ಉರಿಯುವ ಹಳೇ ತರದ್ದೇ ಬೇಕು. ಇದು ಸುಮಾರು 1.75 ಆಂಪ್ ಎಳೆಯುತ್ತದೆ. ಅದು ಏಕೆ ಬೇಕೆಂಬುದು ಮುಂದೆ ಬರುತ್ತದೆ.

ಮೀಟರ್ ಹಿಡಿಯುವವರು ಮಾಡುವ ದೊಡ್ಡ ತಪ್ಪು ಒಂದಿದೆ. ಕೆಂಪು ವೈರನ್ನು 10 ಆಂಪಿನ ತೂತಿನಲ್ಲಿ ಬಿಟ್ಟು, ಹಾಗೆಯೇ ವೋಲ್ಟ್ ನೋಡಲು ಬ್ಯಾಟರಿಗೆ ಹಚ್ಚುತ್ತಾರೆ. ಅದು ನೇರ ಶಾರ್ಟ್. ಆಂಪ್ ನೋಡಿದ ತಕ್ಷಣ ವೈರನ್ನು ವೋಲ್ಟಿನ ತೂತಿಗೆ ಬದಲಿಸುವ ರೂಢಿ ಇಟ್ಟುಕೊಳ್ಳಿ.

ಇನ್ನು ಏರ್‌ಬ್ಯಾಗ್. ಸ್ಟೀರಿಂಗ್ ಮತ್ತು ಡ್ಯಾಶ್ ಸುತ್ತ ಹಳದಿ ಕಪ್ಲರ್ ಅಥವಾ ಹಳದಿ ಕೊಳವೆ ತೊಟ್ಟ ವೈರ್ ಕಂಡರೆ ಅದು ಬಹುತೇಕ ಏರ್‌ಬ್ಯಾಗಿನದು. ಬಲ್ಬನ್ನೂ ಮೀಟರನ್ನೂ ಅದರ ಹತ್ತಿರ ಒಯ್ಯಬೇಡಿ. ಡ್ಯಾಶ್ ಬಿಚ್ಚುವ ಮುನ್ನ ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಕಳಚಿ, ಕೆಲವು ನಿಮಿಷ ಕಾಯಿರಿ. ಕಳಚುವಾಗ ಮೈನಸ್ ಮೊದಲು. ಕೂಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಂಪನಿ ಹಾಕಿಕೊಟ್ಟ ಕೆಲವು ಸೆಟ್ಟುಗಳು ಬ್ಯಾಟರಿ ಕಳಚಿದರೆ ಕೋಡ್ ಕೇಳುತ್ತವೆ. ಗಾಡಿಯ ಪುಸ್ತಕದಲ್ಲಿ ಆ ಅಂಕಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬ್ಯಾಟರಿ

ಇದಕ್ಕೆ ಎರಡು ನಿಮಿಷ ಸಾಕು. ಬೆಳಿಗ್ಗೆ ಗಾಡಿ ಚಾಲು ಮಾಡುವ ಮುನ್ನ ಮೀಟರಿನ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಹಚ್ಚಿ. ಕಂಬಕ್ಕೆ ಸುತ್ತಿದ ಕ್ಲಾಂಪಿಗೆ ಅಲ್ಲ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಸೆಟ್ಟಿನ ಮಾತು ಆಮೇಲೆ. ಎಂಜಿನ್ ಚಾಲು ಇದ್ದಾಗ 13.8ರಿಂದ 14.5ರವರೆಗೆ ಬರಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ನಿಯಂತ್ರಿಸುವುದರಿಂದ ಕೆಲವೊಮ್ಮೆ ಸ್ವಲ್ಪ ಕಡಿಮೆ ಕಂಡರೆ ಗಾಬರಿ ಬೇಡ. 15 ದಾಟಿದರೆ ಮಾತ್ರ ಸೆಟ್ ಬಿಚ್ಚದೆ ನೇರ ಆಲ್ಟರ್ನೇಟರ್ (ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ) ಮೇಸ್ತ್ರಿಯ ಹತ್ತಿರ ಹೋಗಿ.

ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಕಂಬದ ಮೇಲೆ 10.5 ಇದ್ದು ಕ್ಲಾಂಪಿನ ಮೇಲೆ 9 ಕಂಡರೆ ಬ್ಯಾಟರಿ ಸರಿಯಿದೆ, ಎರಡರ ನಡುವೆ ಬಿಳಿ ಪುಡಿ ಕೂತಿದೆ. ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ಹಳೇ ಬ್ರಶ್ಶಿನಿಂದ ತಿಕ್ಕಿ ತೊಳೆದು, ಒಣಗಿಸಿ ಬಿಗಿ ಮಾಡಿದರೆ ಎಷ್ಟೋ 'ಸೆಟ್ ರಿಪೇರಿ' ಅಲ್ಲಿಗೇ ಮುಗಿಯುತ್ತದೆ.

ಫ್ಯೂಸ್: ಕಣ್ಣಿಂದ ನೋಡಿ ನಂಬಬೇಡಿ

ಫ್ಯೂಸ್ ಮೂರು ಕಡೆ ಇರಬಹುದು: ಬಾನೆಟ್ ಕೆಳಗಿನ ಪೆಟ್ಟಿಗೆ, ಡ್ರೈವರ್ ಮೊಣಕಾಲ ಬಳಿಯ ಪೆಟ್ಟಿಗೆ, ಸೆಟ್ಟಿನ ಬೆನ್ನಿಗೇ ಇರುವ 10 ಅಥವಾ 15 ಆಂಪಿನದು. ಮೂರನೆಯದನ್ನು ಮರೆಯುವವರೇ ಹೆಚ್ಚು. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಕಾಣುತ್ತವೆ. ಕೀಲಿ ಆನ್ ಮಾಡಿ, ಮೀಟರಿನ ಕಪ್ಪು ಮೊನೆಯನ್ನು ಗಾಡಿಯ ಬಾಡಿಯ ತಗಡಿಗೆ ಹಿಡಿದು, ಕೆಂಪನ್ನು ಎರಡೂ ಚುಕ್ಕೆಗೆ ಮುಟ್ಟಿಸಿ. ಎರಡರಲ್ಲೂ 12 ಬಂದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಬಂದರೆ ಹಾರಿದೆ. ಎರಡರಲ್ಲೂ ಇಲ್ಲದಿದ್ದರೆ ಹಿಂದೆ ಇನ್ನೊಂದು ಫ್ಯೂಸೋ ರಿಲೇಯೋ ಹೋಗಿರುತ್ತದೆ.

ಹಾರಿದ 10ರ ಜಾಗಕ್ಕೆ 20 ಹಾಕುವುದು, ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತುವುದು, ಇವೆರಡೂ ಗಾಡಿ ಸುಡುವ ಹಾದಿ. ಫ್ಯೂಸ್ ಕಾಯುವುದು ವೈರನ್ನು. ಫ್ಯೂಸ್ ದಪ್ಪ ಮಾಡಿದರೆ ವೈರೇ ಫ್ಯೂಸ್ ಆಗುತ್ತದೆ, ಅದೂ ಡ್ಯಾಶ್‌ಬೋರ್ಡಿನ ಹಿಂದೆ, ಪ್ಲಾಸ್ಟಿಕ್ ನಡುವೆ.

ಹಾಕಿದ ತಕ್ಷಣ ಫ್ಯೂಸ್ ಹಾರುತ್ತಿದ್ದರೆ ಫ್ಯೂಸ್ ಖರ್ಚು ಮಾಡುತ್ತ ಕೂರಬೇಡಿ. ಫ್ಯೂಸ್ ತೆಗೆದು, ಅದರ ಎರಡು ಸೀಳಿಗೆ ನಿಮ್ಮ 21 ವ್ಯಾಟಿನ ಬಲ್ಬಿನ ಎರಡು ವೈರ್ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ವೈರ್ ಮಾತ್ರ ಸುಡುವುದಿಲ್ಲ. ಈಗ ಸೆಟ್ಟಿನ ಹಿಂದಿನ ಕಪ್ಲರ್ ಎಳೆಯಿರಿ. ಬಲ್ಬ್ ಆರಿದರೆ ಶಾರ್ಟ್ ಸೆಟ್ಟಿನೊಳಗೆ. ಆರದಿದ್ದರೆ ವೈರಿನಲ್ಲಿ. ವೈರಿನ ಕಂತೆಯನ್ನು ಒಂದೊಂದೇ ಕಡೆ ಅಲ್ಲಾಡಿಸುತ್ತ ಬನ್ನಿ. ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಮಿಣಕ್ ಎನ್ನುತ್ತದೋ ಅಲ್ಲೇ ಸುಲಿದ ವೈರ್ ತಗಡಿಗೆ ತಾಗಿದೆ. ಸೆಟ್ಟಿನ ಚೌಕಟ್ಟಿನ ಹಿಂದಿನ ಹರಿತ ಅಂಚನ್ನು ಮೊದಲು ನೋಡಿ. ಸೆಟ್ ತಳ್ಳಿ ಕೂರಿಸುವಾಗ ವೈರ್ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಯಾರಾದರೂ ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್-ಮೈನಸ್ ಅದಲುಬದಲು ಮಾಡಿದ್ದರೆ ಕಥೆ ಬೇರೆ. ಬಹಳ ಸೆಟ್ಟುಗಳ ಪವರ್ ಬಾಯಿಯಲ್ಲಿ ಒಂದು ರಕ್ಷಣಾ ಡಯೋಡ್ ಇರುತ್ತದೆ. ಉಲ್ಟಾ ಕರೆಂಟ್ ಬಂದರೆ ಅದು ತಾನು ಸತ್ತು, ಫ್ಯೂಸ್ ಹಾರಿಸಿ, ಸೆಟ್ ಉಳಿಸುತ್ತದೆ. ಆಮೇಲೆ ಪ್ರತಿ ಫ್ಯೂಸೂ ಹಾರುತ್ತಲೇ ಇರುತ್ತದೆ. ಟಿವಿ-ರೇಡಿಯೊ ರಿಪೇರಿ ಮಾಡುವವರು ಆ ಡಯೋಡ್ ಒಂದನ್ನೇ ಬದಲಿಸಿ ಕೊಟ್ಟಾರು. ಸೆಟ್ ಗುಜರಿಗೆ ಹಾಕಬೇಡಿ.

ಸೆಟ್ಟಿನ ಬೆನ್ನು: ಮೂರು ವೈರ್, ಒಂದು ಬಲ್ಬ್

ಹೊರಗೆ ಕೊಳ್ಳುವ ಸೆಟ್ಟುಗಳ ವೈರಿಂಗಿನಲ್ಲಿ ಬಣ್ಣಗಳಿಗೆ ಒಂದು ರೂಢಿ ಇದೆ. ಹಳದಿ ಯಾವಾಗಲೂ ಬ್ಯಾಟರಿ. ಕೆಂಪು ಕೀಲಿ ತಿರುಗಿಸಿದಾಗ ಬರುವ ಕರೆಂಟ್. ಕಪ್ಪು ಅರ್ಥ್. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಆಂಪ್ಲಿಫೈಯರ್ ಎಬ್ಬಿಸುವ ರಿಮೋಟ್. ಕಿತ್ತಳೆ ದೀಪದ್ದು. ಸ್ಪೀಕರ್‌ಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕರಿ ಗೆರೆ ಇದ್ದರೆ ಮೈನಸ್. ಆದರೆ ಇದು ಸೆಟ್ ಕಡೆಯ ಬಣ್ಣ. ಗಾಡಿ ಕಡೆಯ ಬಣ್ಣ ಮಾರುತಿಗೊಂದು, ಹ್ಯುಂಡೈಗೊಂದು, ಟಾಟಾಗೊಂದು. ಬಣ್ಣಕ್ಕೆ ಬಣ್ಣ ಸೇರಿಸಿ ಗಂಟು ಹಾಕುವುದು ಬೇಡ. ಗಾಡಿಗೆ ಹೊಂದುವ ಕಪ್ಲರ್ ಹಾರ್ನೆಸ್ (ಸಿದ್ಧ ವೈರಿನ ಕಂತೆ) ಹುಬ್ಬಳ್ಳಿಯ ದುರ್ಗದಬೈಲ್ ಸುತ್ತ ಹುಡುಕಿದರೂ ಸಿಕ್ಕೀತು. ಮೂಲ ವೈರ್ ಕತ್ತರಿಸದೆ ಕೆಲಸ ಆಗುತ್ತದೆ.

ಈಗ ಬಲ್ಬಿನ ಮಾತು. ಬಹಳ ಜನ ಹಳದಿ ಮತ್ತು ಕಪ್ಪಿನ ನಡುವೆ ಮೀಟರ್ ಹಿಡಿದು, 12.5 ಕಂಡ ಕೂಡಲೇ 'ಕರೆಂಟ್ ಬರಾಕತ್ತೈತಿ, ಸೆಟ್ಟೇ ಹೋಗೈತಿ' ಎಂದುಬಿಡುತ್ತಾರೆ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ಹರಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12.5 ತೋರಿಸುತ್ತದೆ, ಕಂಟಿನ್ಯುಟಿ ಪೀಪಿಯೂ ಕೂಗುತ್ತದೆ. ಗಂಟಿಗೆ ಹೊರೆ ಹೊರಿಸಿದಾಗಲೇ ಅದರ ಬಂಡವಾಳ ಬಯಲಾಗುವುದು.

ಹೀಗೆ ಮಾಡಿ. ಸೆಟ್ಟಿನ ಕಪ್ಲರ್ ಎಳೆಯಿರಿ, ಆಂಟೆನಾ ಪಿನ್ನನ್ನೂ ಕಳಚಿ. ಗಾಡಿ ಕಡೆಯ ಕಪ್ಲರಿನಲ್ಲಿ ಹಳದಿಗೆ ಹೋಗುವ ಮತ್ತು ಕಪ್ಪಿಗೆ ಹೋಗುವ ಪಿನ್ನುಗಳಿಗೆ ಬಲ್ಬಿನ ಎರಡು ವೈರ್ ಹಚ್ಚಿ. ಬಲ್ಬ್ ಉರಿಯುತ್ತಿರುವಾಗಲೇ ಅದರ ಎರಡು ವೈರಿಗೆ ಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 12.5 ಇದ್ದರೆ ಇಲ್ಲಿ 12.1, 12.2 ಬಂದರೂ ಸರಿ. 10.9 ಬಂತು ಅಂದುಕೊಳ್ಳಿ. 1.6 ವೋಲ್ಟ್ ದಾರಿಯಲ್ಲೇ ಎಲ್ಲೋ ಸೋರಿಹೋಗಿದೆ. ಬಲ್ಬ್ ಎಳೆಯುತ್ತಿರುವುದು ಒಂದೂವರೆ ಆಂಪ್ ಚಿಲ್ಲರೆ, ಅಂದರೆ ದಾರಿಯ ತಡೆ ಸುಮಾರು 1 ಓಮ್. ಸೌಂಡ್ ಏರಿಸಿ ಸೆಟ್ 5 ಆಂಪ್ ಕೇಳಿದರೆ 5 ವೋಲ್ಟ್ ದಾರಿಯಲ್ಲೇ ಉಳಿಯುತ್ತದೆ, ಸೆಟ್ಟಿಗೆ ಮುಟ್ಟುವುದು ಏಳೂವರೆ. ಸೆಟ್ ಬಂದ್ ಆಗುತ್ತದೆ. ಬಂದ್ ಆದಾಗ ಹೊರೆ ಇಳಿದು ವೋಲ್ಟ್ ಏರುತ್ತದೆ, ಮತ್ತೆ ಚಾಲು ಆಗುತ್ತದೆ. ಬೇಸ್ ಹೊಡೆದಾಗೆಲ್ಲ ಕಟ್ ಆಗುವ ಗುಟ್ಟು ಇಷ್ಟೇ.

ಸೋರಿಕೆ ಪ್ಲಸ್ಸಿನಲ್ಲೋ ಮೈನಸ್ಸಿನಲ್ಲೋ ಎಂದು ಬೇರ್ಪಡಿಸಲು, ಮೀಟರಿನ ಮೊನೆ ಬ್ಯಾಟರಿವರೆಗೆ ಮುಟ್ಟುವಂತೆ, ಎರಡು ಮೀಟರ್ ಉದ್ದದ ಆ ಬಿಡಿ ವೈರ್ ಬೇಕು. ಬಲ್ಬ್ ಉರಿಯುತ್ತಲೇ ಇರಲಿ. ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಕಪ್ಲರಿನ ಕಪ್ಪು ಪಿನ್ನಿಗೆ. 0.1, ಹೆಚ್ಚೆಂದರೆ 0.2 ಬರಬೇಕು. 1.4 ಬಂದರೆ ಕಳ್ಳ ಅರ್ಥಿನಲ್ಲೇ ಇದ್ದಾನೆ. ಪ್ಲಸ್ ಕಂಬದಿಂದ ಹಳದಿ ಪಿನ್ನಿಗೂ ಇದೇ ರೀತಿ ನೋಡಿ. ಆಮೇಲೆ ಮೊನೆಯನ್ನು ದಾರಿಯುದ್ದಕ್ಕೂ ಒಂದೊಂದೇ ಜಾಯಿಂಟಿಗೆ ಸರಿಸುತ್ತ ಬನ್ನಿ. ಯಾವ ಜಾಯಿಂಟ್ ದಾಟಿದಾಗ ಅಂಕಿ ಜಿಗಿಯುತ್ತದೋ ಅದೇ ಕೆಟ್ಟದ್ದು.

ಬಿಚ್ಚಿ ನೋಡಿದರೆ ಕಾಣುವ ದೃಶ್ಯ ಬಹುಮಟ್ಟಿಗೆ ಒಂದೇ ತರ ಇರುತ್ತದೆ. ಟೇಪು ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಒಳಗೆ ಎರಡು ವೈರ್ ಕೈಯಿಂದ ಹೊಸೆದದ್ದು, ಬೆಸುಗೆ ಇಲ್ಲ. ತಾಮ್ರ ಕೆಂಪಗಿರುವ ಬದಲು ಕಂದು, ಸಂದಿಯಲ್ಲಿ ಹಸಿರು ಪುಡಿ. ಒಂದು ಕಡೆ ಪ್ಲಾಸ್ಟಿಕ್ ಹೊದಿಕೆ ಕಾದು ಹೊಳಪು ಬಂದು ಗಟ್ಟಿಯಾಗಿದೆ. ಆ ಹೊಳಪೇ ಸಾಕ್ಷಿ: ವೋಲ್ಟ್ ಸೋರಿದ ಜಾಗದಲ್ಲಿ ಅದು ಕಾವಾಗಿ ಹೊರಬಿದ್ದಿದೆ.

ಆಂಟೆನಾ ಪಿನ್ ಕಳಚಲು ಹೇಳಿದ್ದಕ್ಕೂ ಕಾರಣವಿದೆ. ಆಂಟೆನಾ ಕೇಬಲ್ಲಿನ ಹೊರ ಜಾಲರಿ ಚಾವಣಿಯಲ್ಲಿ ಗಾಡಿಯ ಬಾಡಿಗೆ ಕೂಡಿರುತ್ತದೆ. ಕಪ್ಪು ವೈರ್ ಪೂರ್ತಿ ಕಡಿದಿದ್ದರೂ ಸೆಟ್ ಆ ಜಾಲರಿಯ ಮೂಲಕ ಅರ್ಥ್ ಎಳೆದುಕೊಂಡು ನಡೆಯುತ್ತದೆ. ಸಣ್ಣ ಸೌಂಡಿನಲ್ಲಿ ಚೆಂದ ಹಾಡುತ್ತದೆ, ಏರಿಸಿದರೆ ಗೊರಗೊರ. ಆಂಟೆನಾ ಎಳೆದ ತಕ್ಷಣ ಸೆಟ್ ಸತ್ತರೆ ಕಪ್ಪು ವೈರ್ ಇಲ್ಲವೆಂದೇ ತಿಳಿಯಿರಿ.

ಅರ್ಥ್ ಹೊಸದಾಗಿ ಹಾಕುವಾಗ ಡ್ಯಾಶ್ ಹಿಂದಿನ ಅಡ್ಡ ಪೈಪಿನ ಬೋಲ್ಟ್ ಆಗುತ್ತದೆ. ಬಣ್ಣವನ್ನು ಎಮರಿ ಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ, ರಿಂಗ್ ಲಗ್ ಒತ್ತಿ, ಚೂಪು ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಹಳದಿ-ಕಪ್ಪಿಗೆ 1.5 ಚದರ ಮಿಲಿಮೀಟರ್ ವೈರ್ ಸಾಕು, ಸ್ಪೀಕರಿಗೆ 0.75ರಿಂದ 1.

ಕೆಂಪು ಪಿನ್ನಿಗೂ ಬಲ್ಬ್ ಹಚ್ಚಿ, ಕೀಲಿ ತಿರುಗಿಸಿ ನೋಡಿ. ಉಳಿದ ಪಿನ್ನುಗಳಿಗೆ ಮಾತ್ರ ಬಲ್ಬ್ ಮುಟ್ಟಿಸಬೇಡಿ. ಅದರಲ್ಲೂ ಒಂದಕ್ಕೊಂದು ಹೊಸೆದ ಸಣ್ಣ ಜೋಡಿ ವೈರ್ ಇದ್ದರೆ ಅದು ಗಾಡಿಯ ಕಂಪ್ಯೂಟರುಗಳು ಮಾತಾಡುವ ಕ್ಯಾನ್ ಲೈನ್.

ಸೆಲ್ಫ್ ಹೊಡೆದಾಗ ಬಂದ್

ಸೆಲ್ಫ್ ಹೊಡೆಯುವಾಗ ಕೆಂಪು ವೈರಿನ ಕರೆಂಟನ್ನು ಗಾಡಿ ತಾನೇ ಕ್ಷಣಕಾಲ ಕಡಿಯುವುದು ಬಹಳ ಗಾಡಿಗಳಲ್ಲಿ ಸಹಜ. ಸೆಟ್ ಬಂದ್ ಆಗಿ ಮತ್ತೆ ಬಂದು, ಗಡಿಯಾರ ಮತ್ತು ಸ್ಟೇಷನ್‌ಗಳು ಹಾಗೇ ಇದ್ದರೆ ಏನೂ ಕೆಟ್ಟಿಲ್ಲ. ಗಡಿಯಾರ 12:00ಕ್ಕೋ 1:00ಕ್ಕೋ ಹೋಗಿ ಕೂತರೆ, ಸ್ಟೇಷನ್‌ಗಳು ಅಳಿಸಿದರೆ, ತೊಂದರೆ ಹಳದಿಯಲ್ಲಿ ಅಥವಾ ಬ್ಯಾಟರಿಯಲ್ಲಿ. ಪ್ರತಿ ಸಲ ಕೀಲಿ ತೆಗೆದಾಗಲೂ ಮರೆವು ಬಂದರೆ ಹಳದಿ-ಕೆಂಪು ಅದಲುಬದಲಾಗಿವೆ. ಐಎಸ್‌ಒ ಎಂಬ ನಿಗದಿತ ಮಾದರಿಯ ಕಪ್ಲರ್ ಇರುವ ಕೆಲವು ಗಾಡಿಗಳಲ್ಲಿ ಆ ಎರಡು ಪಿನ್ನಿನ ಜಾಗವೇ ಉಲ್ಟಾ. ಅದಕ್ಕೆಂದೇ ಎಷ್ಟೋ ಹಾರ್ನೆಸ್ಸಿನಲ್ಲಿ ಹಳದಿ-ಕೆಂಪಿನ ನಡುವೆ ಎರಡು ಬುಲೆಟ್ ಜಾಯಿಂಟ್ ಇಟ್ಟಿರುತ್ತಾರೆ. ಬಿಚ್ಚಿ ಅಡ್ಡ ಕೂಡಿಸಿದರೆ ಮುಗಿಯಿತು.

ಸ್ಪೀಕರ್ ಮತ್ತು 'ಪ್ರೊಟೆಕ್ಟ್'

ಸೆಟ್ ಪರದೆಯಲ್ಲಿ 'ಪ್ರೊಟೆಕ್ಟ್' ಬಂದರೆ, ಅಥವಾ ಎಲ್ಲ ದೀಪ ಉರಿದು ಸೌಂಡ್ ಮಾತ್ರ ಇಲ್ಲದಿದ್ದರೆ, ಎಂಟೂ ಸ್ಪೀಕರ್ ವೈರ್ ಕಳಚಿ ಚಾಲು ಮಾಡಿ. 'ಪ್ರೊಟೆಕ್ಟ್' ಹೋದರೆ ಹೊರಗಿನ ವೈರ್ ತಪ್ಪು. ಒಂದೊಂದೇ ಸ್ಪೀಕರ್ ಕೂಡಿಸುತ್ತ ಬನ್ನಿ, ಕಳ್ಳ ತಾನೇ ಸಿಗುತ್ತಾನೆ.

ಕಳಚಿದ ಜೋಡಿಯ ಮೇಲೆ ಮೀಟರ್ ಹಿಡಿದರೆ 4 ಓಮ್ ಸ್ಪೀಕರ್ 3.2ರಿಂದ 3.8 ತೋರಿಸಬೇಕು. ಸೊನ್ನೆ ಅಂದರೆ ಶಾರ್ಟ್. ಏನೂ ಇಲ್ಲ ಅಂದರೆ ಕಾಯಿಲ್ ಅಥವಾ ವೈರ್ ಕಡಿದಿದೆ. ಜೋಡಿಯ ಯಾವುದೇ ವೈರಿನಿಂದ ಬಾಡಿಗೆ ಏನೂ ತೋರಿಸಬಾರದು. ಪೆನ್ಸಿಲ್ ಸೆಲ್ಲನ್ನು ಕ್ಷಣ ಮುಟ್ಟಿಸಿದರೆ ಸ್ಪೀಕರ್ 'ಟಪ್' ಎನ್ನಬೇಕು. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗಿದ್ದರೆ ಕಾಗದ ಹೊರಕ್ಕೆ ಉಬ್ಬುತ್ತದೆ. ಎರಡು ಬದಿಯಲ್ಲಿ ಒಂದು ಹೊರಕ್ಕೆ ಒಂದು ಒಳಕ್ಕೆ ಹೋದರೆ ವೈರ್ ಉಲ್ಟಾ. ಬೇಸ್ ಇಲ್ಲದೆ ಹಾಡು ಟೊಳ್ಳಾಗಿ ಕೇಳುವುದಕ್ಕೆ ಬಹಳ ಸಲ ಇದೇ ಕಾರಣ.

ಬಾಗಿಲು ತೆರೆದು ಮುಚ್ಚುವಾಗ ಸೌಂಡ್ ಬಂದು ಹೋಗುತ್ತಿದ್ದರೆ ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆ ಬಿಚ್ಚಿ. ದಿನಾ ಮಡಚಿ ಮಡಚಿ ತಾಮ್ರ ಒಳಗೇ ಮುರಿದಿರುತ್ತದೆ, ಹೊದಿಕೆ ಮಾತ್ರ ನೆಟ್ಟಗಿರುತ್ತದೆ. ವೈರ್ ಹಿಡಿದು ಮೆಲ್ಲಗೆ ಎಳೆದರೆ ಮುರಿದ ಜಾಗದಲ್ಲಿ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ.

ಹಳೇ ಮೇಸ್ತ್ರಿಗಳಲ್ಲಿ ಇನ್ನೂ ಒಂದು ಚಾಳಿ ಇದೆ: ಸ್ಪೀಕರಿನ ಮೈನಸ್ಸುಗಳನ್ನೆಲ್ಲ ಕೂಡಿಸಿ ಗಾಡಿಯ ಬಾಡಿಯ ತಗಡಿಗೆ ಕೊಡುವುದು. ಕ್ಯಾಸೆಟ್ ಕಾಲದ ಕೆಲವು ಸೆಟ್ಟಿಗೆ ಅದು ನಡೆಯುತ್ತಿತ್ತು. ಈಗಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ 6-7 ವೋಲ್ಟ್ ನಿಂತಿರುತ್ತದೆ. ಅದನ್ನು ಬಾಡಿಗೆ ತಾಗಿಸಿದರೆ ಒಳಗಿನ ಔಟ್‌ಪುಟ್ ಐಸಿಯನ್ನೇ, ಅಂದರೆ ಸ್ಪೀಕರಿಗೆ ಸೌಂಡ್ ಕೊಡುವ ಚಿಪ್ಪನ್ನೇ, ಶಾರ್ಟ್ ಮಾಡಿದಂತೆ.

ಇದೇ ಗುಣದಿಂದ ಐಸಿ ಬದುಕಿದೆಯೇ ಎಂದೂ ತಿಳಿಯಬಹುದು. ಸ್ಪೀಕರ್ ಕಳಚಿ, ಸೆಟ್ ಚಾಲು ಮಾಡಿ, ಸೌಂಡ್ ಸೊನ್ನೆಗೆ ಇಟ್ಟು, ಎಂಟೂ ವೈರನ್ನು ಬಾಡಿಗೆ ಅಳೆಯಿರಿ. ಎಂಟರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದು ವೈರ್ ಮಾತ್ರ ಸೊನ್ನೆಗೋ 12ಕ್ಕೋ ಅಂಟಿಕೊಂಡಿದ್ದರೆ ಆ ಐಸಿ ಹೋಗಿದೆ. 'ಸೆಟ್ ಹೋಗೈತಿ' ಎನ್ನಲು ಆಗ ಆಧಾರ ಸಿಕ್ಕಿತು.

ಡಬ್ಬದ ಮೇಲಿನ '50 ವ್ಯಾಟ್ × 4' ನೋಡಿ ಮೋಸಹೋಗಬೇಡಿ. ಅಂಥ ಸೆಟ್ ನಿಜವಾಗಿ ಎಡೆಬಿಡದೆ ಕೊಡುವುದು ಸ್ಪೀಕರಿಗೆ 18-22 ವ್ಯಾಟ್. ಒಂದೇ ಜೋಡಿಗೆ ಎರಡು 4 ಓಮ್ ಸ್ಪೀಕರ್ ಸಮಾಂತರ ಕೂಡಿಸಿದರೆ 2 ಓಮ್ ಆಗಿ, ಐಸಿ ಕಾದು, ಅರ್ಧ ಗಂಟೆ ಹಾಡಿ ಬಂದ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ.

ಎಕ್ಸಿಲೇಟರ್ ತುಳಿದಂತೆ 'ಕೂಂಯ್' ಎನ್ನುವ ಸದ್ದು

ಸೌಂಡ್ ಸೊನ್ನೆ ಮಾಡಿ. ಕೂಂಯ್ ಹೋದರೆ ಅದು ಸೆಟ್ಟಿಗೆ ಒಳಬರುವ ದಾರಿಯಿಂದ ಬರುತ್ತಿದೆ: ಆಂಟೆನಾ, ಫೋನಿನಿಂದ ಹಾಡು ತರುವ ಆಕ್ಸ್ ವೈರ್, ಮೊಬೈಲ್ ಚಾರ್ಜರ್. ಸೊನ್ನೆಯಲ್ಲೂ ಉಳಿದರೆ ಸೆಟ್ಟಿನ ಮುಂದೆ, ಅಂದರೆ ಆರ್‌ಸಿಎ ಕೇಬಲ್ (ಸೆಟ್ಟಿನಿಂದ ಆಂಪ್ಲಿಫೈಯರಿಗೆ ಸೌಂಡ್ ಒಯ್ಯುವುದು) ಅಥವಾ ಆಂಪ್ಲಿಫೈಯರಿನ ಅರ್ಥ್.

ಮೊದಲನೆಯದಕ್ಕೆ ಸಿಗರೇಟ್ ಲೈಟರ್ ತೂತಿನ ಚಾರ್ಜರ್ ಕಿತ್ತು ನೋಡಿ. ಬೀದಿಬದಿಯ ಅಗ್ಗದ ಚಾರ್ಜರ್ ಎಫ್‌ಎಂ ಕೆಡಿಸುವಷ್ಟು ಬೇರೇನೂ ಕೆಡಿಸದು. ಎಎಂ ಇರುವ ಹಳೇ ಸೆಟ್ಟಿನಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್ ಸುತ್ತ ಹಚ್ಚಿದರೆ ಗಾಡಿಯ ಗದ್ದಲ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಒಂದೊಂದೇ ಉಪಕರಣ ಬಂದ್ ಮಾಡುತ್ತ ಮೂಲ ಹಿಡಿಯಬಹುದು. ಫೋನ್ ಚಾರ್ಜಿಗೆ ಹಾಕಿ ಆಕ್ಸ್‌ನಲ್ಲಿ ಹಾಡಿಸಿದಾಗ ಮಾತ್ರ ಕೂಂಯ್ ಬಂದರೆ ಅದು ಅರ್ಥ್ ಎರಡು ದಾರಿಯಲ್ಲಿ ಸುತ್ತುವುದರಿಂದ. ಬ್ಲೂಟೂತ್ ಬಳಸಿ, ಇಲ್ಲವೇ ಆಕ್ಸಿಗೆ ಐಸೊಲೇಟರ್ ಹಾಕಿ.

ಆಂಪ್ಲಿಫೈಯರ್ ಇದ್ದರೆ ಅದರ ಅರ್ಥ್ ವೈರ್ ಅರ್ಧ ಮೀಟರಿಗಿಂತ ಉದ್ದ ಬೇಡ, ಪ್ಲಸ್ಸಿನಷ್ಟೇ ದಪ್ಪ ಇರಲಿ. ಡಿಕ್ಕಿಯಲ್ಲಿ ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಬೇಡಿ. ತಗಡಿಗೇ ಬಣ್ಣ ಕೆರೆದು ಕೂಡಿಸಿ. ಪ್ಲಸ್ ವೈರ್ ಗಾಡಿಯ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ. ಪ್ಲಸ್ಸಿನ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಡಿಕ್ಕಿಯಲ್ಲಿ ಹಾಕಿದರೆ ನಡುವಿನ ನಾಲ್ಕು ಮೀಟರ್ ವೈರನ್ನು ಕಾಯುವವರಿಲ್ಲ. ಅಗ್ಗದ ಕಿಟ್ಟಿನ ವೈರ್ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ತಾಮ್ರದ ಮೂರನೇ ಎರಡು ಪಾಲಿನಷ್ಟು ಕೆಲಸವನ್ನೂ ಅದು ಮಾಡದು.

ಇನ್ನೂ ಒಂದು ಗುಪ್ತ ಜಾಗ ಇದೆ. ಸೆಟ್ ಚಾಲು ಇದ್ದಾಗಲೇ ಆರ್‌ಸಿಎ ಕಿತ್ತು ಹಾಕಿದರೆ ಕೆಲವು ಸೆಟ್ಟಿನೊಳಗೆ ಆರ್‌ಸಿಎಯ ಅರ್ಥ್ ದಾರಿ ಸುಟ್ಟುಹೋಗುತ್ತದೆ. ಪರೀಕ್ಷೆ ಸುಲಭ: ಬಿಡಿ ವೈರಿನ ಒಂದು ತುದಿ ಆರ್‌ಸಿಎಯ ಹೊರ ಉಂಗುರಕ್ಕೆ, ಇನ್ನೊಂದು ಸೆಟ್ಟಿನ ತಗಡಿಗೆ. ಕೂಂಯ್ ಥಟ್ಟನೆ ನಿಂತರೆ ಇದೇ ರೋಗ. ಆ ವೈರನ್ನೇ ಕಾಯಂ ಸುತ್ತಿಟ್ಟು ಬಿಟ್ಟರೂ ನಡೆಯುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ಎಂಜಿನ್ ಚಾಲು ಇಟ್ಟು, ಹೆಡ್‌ಲೈಟ್ ಹಚ್ಚಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ. ಅಗ್ಗದ ಮೀಟರ್ ಇಲ್ಲಿ 28 ಎಂದು ತೋರಿಸಿ ಹೆದರಿಸುವುದೂ ಉಂಟು. ಎಂಜಿನ್ ಬಂದ್ ಇದ್ದಾಗಲೂ ಅಂಥ ಅಂಕಿ ಬಂದರೆ ಮೀಟರೇ ಸುಳ್ಳು ಹೇಳುತ್ತಿದೆ.

ಮೂರು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ

ಕೀಲಿ ತೆಗೆದು, ಬಾಗಿಲು ಮುಚ್ಚಿ, ಬಾನೆಟ್ ಮಾತ್ರ ತೆರೆದಿಡಿ. ಬಾನೆಟ್ ಕೊಂಡಿಯನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ಮೈನಸ್ ಕ್ಲಾಂಪ್ ತೆಗೆದು, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿನಲ್ಲಿ ಕೂಡಿಸಿ. ಮೊದಲು ಅಂಕಿ ದೊಡ್ಡದಿರುತ್ತದೆ. ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಕೊಡಿ. ಅಷ್ಟರಲ್ಲಿ ಸೆಲ್ಫ್ ಹೊಡೆದೀರಿ, ಮೀಟರ್ ಸುಟ್ಟೀತು. ಆಮೇಲೆ 50 ಮಿಲಿಆಂಪಿನೊಳಗೆ ನಿಲ್ಲಬೇಕು. 300 ಕಂಡರೆ, 35 ಆಂಪ್-ಅವರ್ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಇಳಿಯುತ್ತದೆ. ಸೆಟ್ಟಿನ ಫ್ಯೂಸ್ ಕಿತ್ತಾಗ ಅಂಕಿ ಬಿದ್ದರೆ ಕಾರಣ ಸಿಕ್ಕಿತು.

ಕೀಲಿ ಇಲ್ಲದೆ ಹಾಡು ಕೇಳಲೆಂದು ಕೆಂಪು-ಹಳದಿ ಒಟ್ಟಿಗೆ ಹೊಸೆದಿರುವುದು ಇದರ ಮಾಮೂಲಿ ಮೂಲ; ಸೆಟ್ಟಿಗೆ ನಿದ್ದೆಯೇ ಇಲ್ಲ. ಬಿಡಿಸಿ, ಕೆಂಪನ್ನು ಕೀಲಿಯ ಕರೆಂಟಿಗೆ ಕೊಡಿ. ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಕೀಲಿ ತೆಗೆದ ಮೇಲೂ ಸೆಟ್ ಅರೆನಿದ್ದೆಯಲ್ಲಿ ಎಚ್ಚರವಿರುವ ಸೆಟ್ಟಿಂಗ್ ಇರುವುದುಂಟು. ಅದನ್ನು ಕಡಿಮೆ ಮಾಡಿ. ನೀಲಿ-ಬಿಳಿ ರಿಮೋಟ್ ಬದಲು ಆಂಪ್ಲಿಫೈಯರನ್ನು ನೇರ ಬ್ಯಾಟರಿಯಿಂದ ಎಬ್ಬಿಸಿದ್ದರೂ ಇದೇ ಫಲ.

ಲಾರಿ, ಟ್ರ್ಯಾಕ್ಟರ್

ಲಾರಿ 24 ವೋಲ್ಟ್. ಎರಡು ಬ್ಯಾಟರಿಯಲ್ಲಿ ಒಂದರಿಂದ 12 ಎಳೆದರೆ ಒಂದು ಸದಾ ಹಸಿದು, ಇನ್ನೊಂದು ಅತಿ ಚಾರ್ಜಾಗಿ, ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್, 10 ಆಂಪಿಗೆ ಮೇಲ್ಪಟ್ಟದ್ದು, ಹಾಕಿಸಿ.

ಕಬ್ಬಿನ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನ ಗಮ್ಮತ್ತಿಗೆ ಅಡ್ಡ ಬರುವವರು ನಾವಲ್ಲ, ಲೆಕ್ಕ ಮಾತ್ರ ಹೇಳಬೇಕು. ನಿಜವಾದ 500 ವ್ಯಾಟ್ ಕೊಡುವ ಹಳೇ ತರದ ಆಂಪ್ಲಿಫೈಯರ್ ಪೂರ್ತಿ ಏರಿಸಿದಾಗ 70 ಆಂಪ್ ಸುತ್ತ ಎಳೆಯುತ್ತದೆ, ಕರೆಂಟ್ ಕಡಿಮೆ ತಿನ್ನುವ ಕ್ಲಾಸ್ ಡಿ ತರದ್ದಾದರೆ 45. ಟ್ರ್ಯಾಕ್ಟರ್ ಆಲ್ಟರ್ನೇಟರ್ 36, 42 ಆಂಪಿನವು ಸಾಮಾನ್ಯ. ಕೊರತೆ ಬ್ಯಾಟರಿಯಿಂದ ಹೋಗುತ್ತದೆ, ಬೆಳಿಗ್ಗೆ ತಳ್ಳುವ ಪಾಳಿ ಬರುತ್ತದೆ.

ಜಾಯಿಂಟ್ ಕಟ್ಟಿ, ಡ್ಯಾಶ್ ಮುಚ್ಚುವ ಮುನ್ನ

ಕಿಲುಬು ಹಿಡಿದ ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ. ಕೆಂಪು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತ ಹೋಗಿ. ಶ್ರಿಂಕ್ ಸ್ಲೀವ್ ಮೊದಲೇ ವೈರಿಗೆ ತೊಡಿಸಿ; ಬೆಸುಗೆ ಮುಗಿದ ಮೇಲೆ ನೆನಪಾಗುವುದು ಎಲ್ಲರಿಗೂ ಆಗುತ್ತದೆ. 60/40 ಬೆಸುಗೆ ಕಡ್ಡಿ ಬಳಸಿ, ತಣ್ಣಗಾಗುವವರೆಗೆ ಅಲ್ಲಾಡಿಸಬೇಡಿ, ಸ್ಲೀವ್ ಎಳೆದು ಕಾಯಿಸಿ. ಪಕ್ಕಪಕ್ಕದ ಜಾಯಿಂಟುಗಳನ್ನು ಎರಡೆರಡು ಬೆರಳು ಹಿಂದೆಮುಂದೆ ಮಾಡಿದರೆ ಕಂತೆ ಉಬ್ಬುವುದಿಲ್ಲ, ಒಂದಕ್ಕೊಂದು ತಾಗುವುದೂ ಇಲ್ಲ. ಮೇಲೆ ಕರಿ ಟೇಪಿನ ಬದಲು ಬಟ್ಟೆ ಟೇಪು ಸುತ್ತಿ, ಝಿಪ್ ಟೈಯಿಂದ ಅಡ್ಡ ಪೈಪಿಗೆ ಕಟ್ಟಿ.

ಡ್ಯಾಶಿನ ಪ್ಲಾಸ್ಟಿಕ್ ಪಟ್ಟಿ ಒತ್ತುವ ಅವಸರ ಬೇಡ. ಸೆಟ್ಟನ್ನು ಜಾಗದಲ್ಲಿ ಕೂರಿಸಿ, ಪಟ್ಟಿ ಬಿಟ್ಟು, ಬೇಸ್ ಇರುವ ಹಾಡು ಹಚ್ಚಿ, ಹಂಪ್ ಮತ್ತು ಕುಣಿ ಇರುವ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ. ಅದಕ್ಕೆ ನಮ್ಮೂರಲ್ಲಿ ದೂರ ಹೋಗಬೇಕಿಲ್ಲ. ಕುಣಿಯಲ್ಲಿ ಒಮ್ಮೆಯಾದರೂ ಸೌಂಡ್ ತಪ್ಪಿದರೆ ಒಳಗೆ ಇನ್ನೂ ಒಂದು ಜಾಯಿಂಟ್ ಉಳಿದಿದೆ. ಬಲ್ಬ್ ಮತ್ತೆ ಹಚ್ಚಿ, ಪಕ್ಕದಲ್ಲಿ ಕೂತವರು ಕಂತೆ ಅಲ್ಲಾಡಿಸಲಿ.